ಅಂಗಡಿ ಫೋಲ್ಡರು, ಡಿಸ್ಕ್ ಫೋಲ್ಡರು

ದಾವಣಗೆರೆಯ ಮಂಡಿಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಸೀಸನ್ ಬಂದರೆ ಅಂಗಡಿಯಲ್ಲಿ ಕೆಲಸ ಮುಗಿಯುವುದಿಲ್ಲ, ಮನೆಯಲ್ಲೂ ಕೂರಬೇಕು. ಹಾಗಾಗಿ ಲಗ್ನಪತ್ರಿಕೆ ಫೋಲ್ಡರು ಅಂಗಡಿ ಕಂಪ್ಯೂಟರಿನಲ್ಲೊಂದು, ಮನೆಗೆ ಒಯ್ಯುವ ಹಾರ್ಡ್‌ಡಿಸ್ಕಿನಲ್ಲೊಂದು.

ಎರಡನ್ನೂ ಒಂದೇ ಥರ ಇಡಲು ಮೊದಲು ಕಾಪಿ-ಪೇಸ್ಟ್ ಮಾಡುತ್ತಿದ್ದೆ. ಯಾವುದು ಹೊಸದು ಅಂತ ತಾರೀಖು ನೋಡಿ ನೋಡಿ ಸಾಕಾಯಿತು. ಆಮೇಲೆ ಫೋಲ್ಡರುಗಳನ್ನು ಕಾಪಿ ಮಾಡುವ ರೋಬೋಕಾಪಿ ಎಂಬ ಕಮಾಂಡ್ ಹಿಡಿದೆ. ವಿಸ್ಟಾದಿಂದೀಚೆಗೆ ಅದು ವಿಂಡೋಸ್ ಜೊತೆಗೇ ಬರುತ್ತದೆ. ಕಮಾಂಡಿನ ಕೊನೆಗೆ /ಎಂಐಆರ್ ಎಂಬ ಆಯ್ಕೆ ಹಾಕಿದರೆ ಎರಡನೇ ಫೋಲ್ಡರು ಮೊದಲನೆಯದರ ತದ್ರೂಪ.

ಆ ತದ್ರೂಪವೇ ನನಗೆ ಏಟು ಕೊಟ್ಟಿದ್ದು. ಒಂದು ಭಾನುವಾರ ಮನೆಯಲ್ಲಿ ಹರಿಹರದವರ ಪತ್ರಿಕೆ ಪೂರ್ತಿ ಮಾಡಿದ್ದೆ. ಸೋಮವಾರ ಅಂಗಡಿಗೆ ಬಂದವನೇ ಕೈರೂಢಿಯಲ್ಲಿ ಅಂಗಡಿಯಿಂದ ಡಿಸ್ಕಿಗೆ ಹೋಗುವ ಬ್ಯಾಚ್ ಫೈಲನ್ನೇ (ಕಮಾಂಡ್ ಬರೆದಿಟ್ಟ ಫೈಲು, ಒತ್ತಿದರೆ ಸಾಕು ಓಡುತ್ತದೆ) ಒತ್ತಿಬಿಟ್ಟೆ. ಅಂಗಡಿಯಲ್ಲಿ ಇಲ್ಲದ್ದು ಡಿಸ್ಕಿನಲ್ಲೂ ಇರಬಾರದು, ಅದರ ಲೆಕ್ಕ ಅಷ್ಟೇ. ಪತ್ರಿಕೆ ಹೋಯಿತು, ರೀಸೈಕಲ್ ಬಿನ್‌ನಲ್ಲೂ ಇಲ್ಲ. ತಿದ್ದಿಟ್ಟಿದ್ದ ಇನ್ನೆರಡು ಫೈಲುಗಳ ಮೇಲೆ ಹಳೇ ಪ್ರತಿ ಬಂದು ಕೂತಿತ್ತು. ಹತ್ತು ಗಂಟೆಗೆ ಹುಡುಗಿಯ ತಂದೆ ಬಂದು, "ಪ್ರೂಫ್ ತೆಗೀರಿ ಸರ್" ಎಂದರು. ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಸೋದರಮಾವಂದಿರ ಹೆಸರಿನಿಂದ ಹಿಡಿದು ಎಲ್ಲ ಮತ್ತೆ ಟೈಪ್ ಮಾಡಿದೆ.

ಈಗ /ಎಂಐಆರ್ ಬಳಸುವುದಾದರೆ ಮೊದಲು /ಎಲ್ ಸೇರಿಸಿ ಓಡಿಸುತ್ತೇನೆ. ಆಗ ಏನನ್ನೂ ಮುಟ್ಟುವುದಿಲ್ಲ, ಮಾಡಲಿರುವುದನ್ನು ಸುಮ್ನೆ ಪಟ್ಟಿ ಕೊಡುತ್ತದೆ. ಅದರಲ್ಲಿ 'ಎಕ್ಸ್‌ಟ್ರಾ ಫೈಲ್' ಎಂಬ ಸಾಲು ಕಂಡರೆ ಕೈ ತಡೆಯಬೇಕು. ಆ ಫೈಲು ಅಳಿಸುವ ಸರದಿಯಲ್ಲಿದೆ ಅಂತ ಅರ್ಥ.

ಎರಡೂ ಕಡೆ ಕೆಲಸ ಮಾಡುವವರಿಗೆ /ಎಂಐಆರ್ ಬೇಡವೇ ಬೇಡ. ನಾನು /ಇ (ಒಳಗಿನ ಫೋಲ್ಡರುಗಳನ್ನೂ ಸೇರಿಸು) ಮತ್ತು /ಎಕ್ಸ್‌ಓ (ಹಳೆಯದನ್ನು ಬಿಡು) ಹಾಕಿ ಒಮ್ಮೆ ಆ ಕಡೆಯಿಂದ, ಒಮ್ಮೆ ಈ ಕಡೆಯಿಂದ ಓಡಿಸುತ್ತೇನೆ. ಹೊಸದರ ಮೇಲೆ ಹಳೆಯದು ಕೂರುವುದಿಲ್ಲ. ಕಿರಿಕಿರಿ ಒಂದಿದೆ: ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆಯಿಂದ ವಾಪಸ್ ಬಂದು ನಿಲ್ಲುತ್ತದೆ. ಒಂದೇ ಫೈಲನ್ನು ಎರಡೂ ಕಡೆ ತಿದ್ದಿದ್ದರೆ ಕೊನೆಗೆ ಸೇವ್ ಮಾಡಿದ್ದೇ ಉಳಿಯುತ್ತದೆ.

ಪೆನ್‌ಡ್ರೈವ್ ಆದರೆ /ಎಫ್‌ಎಫ್‌ಟಿ ಸೇರಿಸಿ, ಸಮಯದಲ್ಲಿ 2 ಸೆಕೆಂಡಿನ ವ್ಯತ್ಯಾಸವನ್ನು ಅದು ಲೆಕ್ಕಕ್ಕಿಡುವುದಿಲ್ಲ. ಫ್ಯಾಟ್ ಎಂಬ ಹಳೇ ಫಾರ್ಮ್ಯಾಟಿನ ಡ್ರೈವ್ ಸಮಯವನ್ನು 2 ಸೆಕೆಂಡಿನ ಲೆಕ್ಕದಲ್ಲಿ ಬರೆದಿಡುವುದರಿಂದ, ಬದಲಾಗದ ಫೈಲೂ ಬದಲಾದಂತೆ ಕಾಣಬಹುದು. /ಆರ್:2 /ಡಬ್ಲ್ಯೂ:5 (ಎರಡು ಸಲ ಮಾತ್ರ ಮರುಪ್ರಯತ್ನ, ನಡುವೆ 5 ಸೆಕೆಂಡು ಕಾಯುವುದು) ಸಹ ಮರೆಯಬೇಡಿ. ಇಲ್ಲದಿದ್ದರೆ ಬೇರೆ ಪ್ರೋಗ್ರಾಂ ಹಿಡಿದಿಟ್ಟ ಒಂದು ಫೈಲಿಗಾಗಿ 30 ಸೆಕೆಂಡಿಗೊಮ್ಮೆ, 10 ಲಕ್ಷ ಸಲ ಪ್ರಯತ್ನಿಸುತ್ತದೆ. ಲೆಕ್ಕ ಹಾಕಿ ನೋಡಿದೆ, 347 ದಿನ! ಅಷ್ಟರಲ್ಲಿ ಮುಂದಿನ ಮದುವೆ ಸೀಸನ್ನೇ ಬಂದಿರುತ್ತದೆ.