ಸಿಗರೇಟ್ ಬಿಡೋಕೆ ಮೊದ್ಲು ಕಾಫಿ ಕಡೆ ನೋಡಿ: ನನ್ನ ಅನುಭವ

ನಾನು ಸಿಗರೇಟ್ ಬಿಡ್ತೀನಿ ಅಂದಾಗ ತೀರ್ಥಹಳ್ಳಿ ಕಡೆ ನಮ್ಮೂರಲ್ಲಿ ಒಬ್ರೂ ನಂಬಿರ್ಲಿಲ್ಲ. "ಮಳೆ ಹಿಡೀಲಿ, ಆಮೇಲೆ ನೋಡಣ" ಅಂತಿದ್ರು. ಮಳೆಗಾಲ ಬಂತು, ಹೋಯ್ತು, ಮತ್ತೆ ಬಂತು, ನಾನು ಒಂದು ದಮ್ಮೂ ಎಳೀಲಿಲ್ಲ. ಇದನ್ನ ಬರೀತಿರೋದು ಒಂದೆರಡು ಸಲ ಬಿಟ್ಟು ಮತ್ತೆ ಹಿಡಿದೋರಿಗೆ. ಸಿಗರೇಟಿಂದ ಏನೇನಾಗುತ್ತೆ ಅಂತ ಪ್ಯಾಕೆಟ್ ಮೇಲೇ 85 ಪರ್ಸೆಂಟ್ ಜಾಗದಲ್ಲಿ ಹಾಕಿರ್ತಾರೆ, ಅದನ್ನ ನಾನು ಬೇರೆ ಹೇಳ್ಬೇಕಾಗಿಲ್ಲ.

ದಿನಕ್ಕೆ ಹತ್ತು ಹನ್ನೆರಡು ಸೇದ್ತಿದ್ದೆ, ಆಗ ಒಂದಕ್ಕೆ ಹದಿನೆಂಟು ರೂಪಾಯಿ ಅಂತಿಟ್ಕೊಳಿ, ತಿಂಗಳಿಗೆ ಆರು ಸಾವಿರದ ಆಸುಪಾಸು. ವರ್ಷಕ್ಕೆ ಲೆಕ್ಕ ಹಾಕಿದ್ರೆ ತೋಟಕ್ಕೆ ಒಂದ್ಸಲ ಗೊಬ್ಬರ ಹಾಕ್ಸೋ ದುಡ್ಡು.

ಮೊದ್ಲು ದಿನಾ ಒಂದೊಂದು ಕಡಿಮೆ ಮಾಡ್ತಾ ಬಂದೆ. ನಾಕಕ್ಕೆ ಇಳೀತು, ಆದ್ರೆ ಆ ನಾಕನ್ನ ತಳದವರೆಗೂ ಎಳೀತಿದ್ದೆ. ಲೈಟ್ ಸಿಗರೇಟೂ ನೋಡಾಯ್ತು, ಅದ್ರ ಫಿಲ್ಟರ್ ಸುತ್ತ ಗಾಳಿ ಬರೋಕೆ ಸಣ್ಣ ತೂತು ಇರ್ತವೆ, ನಮ್ಮ ಬೆರಳೋ ತುಟಿಯೋ ಅದನ್ನೇ ಮುಚ್ಚುತ್ತೆ, ಮೇಲಿಂದ ಉದ್ದುದ್ದ ಎಳೀತೀವಿ, ಅಲ್ಲಿಗೆ ಲೈಟೂ ಇಲ್ಲ ಏನೂ ಇಲ್ಲ. ಬಾಯಿಗೆ ಅಡಿಕೆ ಹಾಕ್ಕೋ ಅಂತ ಸುಮಾರು ಜನ ಹೇಳಿದ್ರು. ನಾವೇ ಬೆಳೆಯೋರು, ಹೇಳೋಕೆ ಕಷ್ಟ ಆಗುತ್ತೆ, ಆದ್ರೂ ತಂಬಾಕು ಇಲ್ದಿರೋ ಅಡಿಕೆನೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರಲ್ಲೇ ಬರೆದಿಟ್ಟಿದೆ. ಒಂದು ಬಿಡೋಕೆ ಹೋಗಿ ಇನ್ನೊಂದು ಹಿಡಿಯೋದು ಬೇಡ ಅಂತ ಅದನ್ನ ಕೈಬಿಟ್ಟೆ.

ಆಮೇಲೆ ನಿಕೋಟಿನ್ ಗಮ್, ಅಂದ್ರೆ ಚಟ ಹಿಡಿಸೋ ನಿಕೋಟಿನ್ನನ್ನ ಹೊಗೆ ಇಲ್ದೆ ಸ್ವಲ್ಪ ಸ್ವಲ್ಪ ಕೊಡೋ ಗಮ್. ಶಿವಮೊಗ್ಗದ ಮೆಡಿಕಲ್ ಶಾಪಲ್ಲಿ 2 ಎಂಜಿದು ಕೊಟ್ರು, ಒಂದಕ್ಕೆ ಹತ್ತು ಹನ್ನೊಂದು ರೂಪಾಯಿ ಬಿತ್ತು ಅನ್ಸುತ್ತೆ, ಒಂದು ವಾರ ಜಗಿದ್ರೂ ತಲೆಬಿಸಿ ಕಡಿಮೆ ಆಗ್ಲೇ ಇಲ್ಲ. ಡಾಕ್ಟರ್ ಹತ್ರ ಹೋದ್ರೆ ಕೇಳಿದ್ದು ಒಂದೇ, ಎದ್ದು ಎಷ್ಟೊತ್ತಿಗೆ ಮೊದಲ ಸಿಗರೇಟ್ ಹಚ್ತೀರ ಅಂತ. ಅರ್ಧ ಗಂಟೆ ಒಳಗೆ ಹಚ್ಚೋರಿಗೆ 4 ಎಂಜಿ ಬೇಕಂತೆ. ನಾನಂತೂ ಒಲೆ ಮುಂದೆ ಕೂತೇ ಹಚ್ತಿದ್ದೆ.

ಗಮ್ಮನ್ನ ಚೂಯಿಂಗ್ ಗಮ್ ತರ ಜಗಿಯೋ ಹಾಗಿಲ್ಲ ಅನ್ನೋದು ನಿಮಗೂ ಗೊತ್ತಿರುತ್ತೆ. ನಿಧಾನಕ್ಕೆ ಜಗೀಬೇಕು, ಕಾಳುಮೆಣಸಿನ ತರ ಚುರ್ ಅಂದ ತಕ್ಷಣ ನಿಲ್ಲಿಸಿ ಕೆನ್ನೆ ಒಳಗೆ ಒತ್ತಿ ಇಡ್ಬೇಕು, ಚುರುಚುರು ಇಳಿದ ಮೇಲೆ ಮತ್ತೆ ಎರಡು ಸಲ ಜಗಿದು ಆ ಕಡೆ ಕೆನ್ನೆಗೆ. ಹಂಗೇ ಅರ್ಧ ಗಂಟೆ. ಜಗಿದು ನುಂಗ್ತಾ ಹೋದ್ರೆ ನಿಕೋಟಿನ್ ಹೊಟ್ಟೆಗೆ ಹೋಗಿ ಬಿಕ್ಕಳಿಕೆ ಬರುತ್ತೆ, ತಲೆಗೆ ಸಿಗೋದು ಕಡಿಮೆ.

ನಿಜವಾದ ವಿಷಯ ಕಾಫಿದು. ಬಾಯಲ್ಲಿ ಕಾಫಿ, ಹುಳಿ ಏನಿದ್ರೂ ಗಮ್ಮಿನ ನಿಕೋಟಿನ್ ಕೆನ್ನೆಯಿಂದ ಸರಿಯಾಗಿ ಒಳಗೆ ಹೋಗಲ್ಲ. ನಾನು ಕಾಫಿ ಕುಡಿದ ಕೂಡ್ಲೇ ಗಮ್ ಹಾಕ್ತಿದ್ದೆ, ಮಧ್ಯ ಉಪ್ಪು ನೆಲ್ಲಿಕಾಯಿ ಬೇರೆ, ಮುರುಗಲು ಶರಬತ್ತು ಬೇರೆ, ಹಾಕಿದ ದುಡ್ಡೆಲ್ಲ ವೇಸ್ಟ್. ಕಾಲು ಗಂಟೆ ಗ್ಯಾಪ್ ಕೊಟ್ಟೆ ನೋಡಿ, ಅದೇ ಗಮ್ ಕೆಲಸ ಮಾಡ್ತು.

ಇನ್ನೊಂದು ಇದಕ್ಕಿಂತ ದೊಡ್ಡದು. ಸಿಗರೇಟ್ ಹೊಗೆಯಲ್ಲಿರೋ ಟಾರಿನ ಅಂಶ ಲಿವರಿಗೆ ಕೆಫೀನನ್ನ ಬೇಗ ಬೇಗ ಖಾಲಿ ಮಾಡೋ ಹಂಗೆ ಮಾಡಿರುತ್ತೆ. ಸೇದೋದು ನಿಲ್ಲಿಸಿದ್ರೆ ಅದೇ ಲೋಟ ಕಾಫಿಯ ಕೆಫೀನ್ ರಕ್ತದಲ್ಲಿ ಹೆಚ್ಚುಕಮ್ಮಿ ಡಬಲ್ ಆಗಿ ನಿಂತ್ಕೊಳುತ್ತೆ, ಗಮ್ಮಲ್ಲಿ ಹೊಗೆ ಇಲ್ವಲ್ಲ, ಅದು ಇದನ್ನ ತಡೆಯಲ್ಲ. ಎದೆ ಡವಡವ, ಕೈ ನಡುಕ, ರಾತ್ರಿ ಎರಡಾದ್ರೂ ನಿದ್ದೆ ಇಲ್ಲ, ನಾವೇನೋ ಇದೆಲ್ಲ ಸಿಗರೇಟ್ ಬಿಟ್ಟಿದ್ದಕ್ಕೆ ಅಂದ್ಕೊಂಡು ಮತ್ತೆ ಹಚ್ತೀವಿ. ದಿನಕ್ಕೆ ಆರು ಲೋಟ ಕುಡಿಯೋ ಮಲ್ನಾಡಿನೋರು ಬಿಡೋಕಾಗ್ದೆ ಒದ್ದಾಡೋದ್ರಲ್ಲಿ ಇದರ ಪಾಲು ಬಹಳ ಇದೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಬಿಡೋ ದಿನದಿಂದಲೇ ಕಾಫಿ ಅರ್ಧ ಮಾಡಿದೆ, ಡಿಕಾಕ್ಷನ್ ನೀರು ಮಾಡಿದೆ, ಮಧ್ಯಾಹ್ನ ಮೂರು ಗಂಟೆ ಮೇಲೆ ಕಷಾಯ. ನಿದ್ದೆ ಬಂತು. ಆ ಕಷಾಯಕ್ಕೆ ಏನೇನು ಹಾಕ್ತೀನಿ ಅನ್ನೋದನ್ನ ಮಾತ್ರ ಹೇಳಲ್ಲ, ಅದು ನಮ್ಮನೇದು.

ಸುಮ್ನೆ ಕುತೂಹಲಕ್ಕೆ ಒಂದು ಪೀಕ್ ಫ್ಲೋ ಮೀಟರೂ ತಗೊಂಡೆ, ಜೋರಾಗಿ ಊದಿದ್ರೆ ಉಸಿರು ಎಷ್ಟು ವೇಗವಾಗಿ ಹೊರಗೆ ಬರುತ್ತೆ ಅಂತ ನಿಮಿಷಕ್ಕೆ ಇಷ್ಟು ಲೀಟರ್ ಲೆಕ್ಕದಲ್ಲಿ ತೋರಿಸುತ್ತೆ, ಐನೂರು ರೂಪಾಯಿ ಒಳಗೆ ಬಂತು. ಶುರುವಲ್ಲಿ ಊದಿದ್ರೆ 390, 400 ಹತ್ರ, ಕೆಲವು ತಿಂಗಳಾದ್ಮೇಲೆ 450ರ ಸುತ್ತಮುತ್ತ. ಮೊದಮೊದ್ಲು ಕೆಮ್ಮು ಜಾಸ್ತಿ ಆಗುತ್ತೆ, ಹೆದರ್ಬೇಡಿ, ಉಸಿರುನಾಳದ ಸಣ್ಣ ಕೂದಲುಗಳು ಮತ್ತೆ ಕೆಲಸ ಶುರು ಮಾಡಿ ಕಫ ಹೊರಗೆ ತಳ್ತಿರ್ತವೆ. ಮೀಟರಿಗಿಂತ ಖುಷಿ ಆಗಿದ್ದು ಕವಲೇದುರ್ಗದ ಕೋಟೆ ಹತ್ತಿದಾಗ. ಜೊತೆಗಿದ್ದ ಹುಡುಗ್ರು ಮೂರನೇ ಬಾಗಿಲ ಹತ್ರ ಕಲ್ಲು ಹಿಡ್ಕೊಂಡು ನಿಂತಿದ್ರು, ನಾನು ಮಾತಾಡ್ತಾನೇ ಮೇಲಕ್ಕೆ ಹೋದೆ.

ಗಮ್ಮಿಗೆ ಒಟ್ಟು ಏಳೆಂಟು ಸಾವಿರ ಖರ್ಚಾಗಿರ್ಬೇಕು, ಮೂರು ತಿಂಗಳಲ್ಲಿ ಇಳಿಸ್ತಾ ನಿಲ್ಲಿಸಿದೆ. ಹಾರ್ಟ್ ತೊಂದರೆ ಇರೋರು ಡಾಕ್ಟರ್ ಕೇಳ್ದೆ ಶುರು ಮಾಡ್ಬೇಡಿ. ತಂಬಾಕು ಬಿಡೋರಿಗಿರೋ ಸರ್ಕಾರದ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿದ್ರೆ ದುಡ್ಡಿಲ್ದೆ ಸಲಹೆ ಕೊಡ್ತಾರೆ, ಕನ್ನಡದಲ್ಲೇ ಮಾತಾಡ್ಬಹುದು. ನನಗೆ ಈಗ ಉಳಿದಿರೋ ಒಂದೇ ಕಷ್ಟ ಅಡಿಕೆ ಮಂಡಿಗೆ ಹೋದ ದಿನದ್ದು, ಅಲ್ಲಿ ರೇಟ್ ಕಾಯ್ತಾ ನಿಂತಾಗ ಸುತ್ತ ಎಲ್ರೂ ಹಚ್ತಾರೆ, ಅದಕ್ಕೆ ಆವತ್ತು ಬೆಳಗ್ಗೆ ಕಾಫಿ ಪೂರ್ತಿ ಬಿಟ್ಟು ಗಂಜಿ ಊಟ ಮಾಡ್ಕೊಂಡೇ ಹೊರಡ್ತೀನಿ.