ತೋಡಿನ ನೀರಿನ ಮೂಲ ಹುಡುಕಿದ ಒಂದು ವರ್ಷ

ಮಂಗಳೂರಿನ ಕದ್ರಿ ಗುಡ್ಡದ ಇಳಿಜಾರಿನಲ್ಲಿರುವ ನಮ್ಮ ಮನೆಯ ಹಿಂದಿನ ತೋಡು (ಸಣ್ಣ ತೊರೆ) ಏಪ್ರಿಲ್‌ನಲ್ಲೂ ಹರಿಯುತ್ತಿತ್ತು. ಅದು ಒರತೆಯ ನೀರೆಂದು ಹಿರಿಯರೂ ಬಚ್ಚಲ ನೀರೆಂದು ಹೊಸದಾಗಿ ಬಂದವರೂ ವಾದಿಸುತ್ತಿದ್ದುದರಿಂದ, ಒಂದು ಮಳೆಗಾಲದಿಂದ ಮುಂದಿನ ಮಳೆಗಾಲದವರೆಗೆ ಅದರ ಬೆನ್ನು ಹತ್ತಿದೆ.

ನಮ್ಮ ಕಡೆಯ ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ತೂತುಗಳಲ್ಲಿ ಇಳಿದ ಮಳೆನೀರನ್ನು ಕೆಳಗಿನ ಶೇಡಿಮಣ್ಣೆಂಬ ಅಂಟು ಮಣ್ಣು ತಡೆಯುತ್ತದೆ. ಎರಡೂ ಕೂಡುವ ಮಟ್ಟದಲ್ಲಿ ಅದು ಗುಡ್ಡದ ಪಕ್ಕೆಯಿಂದ ಒಸರುತ್ತದೆ. ಮನೆ ಕಟ್ಟಲು ಗುಡ್ಡ ಕಡಿದಲ್ಲೆಲ್ಲ ಕೆಂಪುಕಲ್ಲಿನಡಿಯ ಆ ಬಿಳಿಚು ಮಣ್ಣು ಕಾಣಸಿಗುವುದರಿಂದ, ಅದೇ ಎತ್ತರ ಹಿಡಿದು, ಪಾಚಿ ಮತ್ತು ಜರಿಗಿಡಗಳಿರುವ ಕಡೆ ನಿಂತು ನಿಂತು ನಡೆದಾಗ ಮೂರು ಒಸರುಗಳು ಸಿಕ್ಕಿದವು.

ಜೂನ್ ಮಳೆಗೆ ತೋಡು ತುಂಬಿದರೂ ಒಸರುಗಳು ಚುರುಕಾದದ್ದು ನೆಲ ಚೆನ್ನಾಗಿ ನೆನೆದ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್). ವಾರಕ್ಕೊಮ್ಮೆ 10 ಲೀಟರ್ ಬಕೆಟ್ ಹಿಡಿದು, ತುಂಬಲು ತಗಲುವ ಸೆಕೆಂಡುಗಳನ್ನು ಬರೆದಿಟ್ಟೆ. ದೀಪಾವಳಿಯ ನಂತರ ಒಂದು ಒಸರು ಬತ್ತಿತು. ಉಳಿದೆರಡರಲ್ಲಿ ದಾರಿಬದಿಯದ್ದು ಮಾರ್ಚ್‌ನಲ್ಲೂ ಒಂದಿಷ್ಟೂ ಕುಗ್ಗದಿದ್ದುದು, ಅದು ಬಚ್ಚಲ ನೀರೋ ಎಲ್ಲೋ ಸೋರುವ ನಳ್ಳಿ ನೀರೋ ಇರಬಹುದೆಂದು ನನಗೆ ಅನುಮಾನ ಹುಟ್ಟಿಸಿತು. ಮಳೆಯಿಲ್ಲದ ನಾಲ್ಕು ತಿಂಗಳು ಇಂಥ ಗುಡ್ಡದ ಒರತೆ ಹಾಗೆ ಒಂದೇ ಸಮನೆ ಹರಿಯುವುದು ಅಪರೂಪ.

ನೀರಿನಲ್ಲಿ ಕರಗಿದ ಲವಣದ ಪ್ರಮಾಣ ತೋರಿಸುವ ಟಿಡಿಎಸ್ ಮೀಟರ್ ಇಲ್ಲಿ ಪೂರ್ತಿ ಉಪಯೋಗಕ್ಕೆ ಬರಲಿಲ್ಲ. ಬಚ್ಚಲ ನೀರು ಬೆರೆತರೆ ಅಂಕಿ ಏರುತ್ತದೆ, ಏರಿರಲಿಲ್ಲ. ಆದರೆ ತುಂಬೆ ಅಣೆಕಟ್ಟಿನಿಂದ ಬರುವ ನೇತ್ರಾವತಿ ನದಿಯ ನಳ್ಳಿ ನೀರಿನಲ್ಲೂ ಮುರಕಲ್ಲಿನ ಒರತೆಯಲ್ಲೂ ಲವಣ ಕಡಿಮೆಯೇ ಇರುವುದರಿಂದ ಇವೆರಡನ್ನು ಅದು ಬೇರ್ಪಡಿಸದು. ಕ್ಲೋರಿನ್ ಪರೀಕ್ಷೆಯ ಹನಿ ಹಾಕಿದರೂ ನೀರು ಹಳದಿಯಾಗಲಿಲ್ಲ. ಮಣ್ಣಿನಲ್ಲಿ ಹಾದು ಬಂದಾಗ ಕ್ಲೋರಿನ್ ಕಳೆದುಹೋಗುತ್ತದೆಂಬುದನ್ನು ಮರೆತು, ಒಂದು ವಾರ ಅದನ್ನು ಅಪ್ಪಟ ಒರತೆಯೆಂದೇ ನಂಬಿದ್ದೆ.

ಉತ್ತರ ಸಿಕ್ಕಿದ್ದು ಏಪ್ರಿಲ್‌ನಲ್ಲಿ ನಳ್ಳಿ ನೀರು ಎರಡು ದಿನ ನಿಂತಾಗ. ಎಂದೂ 40 ಸೆಕೆಂಡಿನಲ್ಲಿ ತುಂಬುತ್ತಿದ್ದ ಬಕೆಟ್ ಎರಡನೆಯ ಬೆಳಿಗ್ಗೆ ಮೂರು ನಿಮಿಷವಾದರೂ ತುಂಬಲಿಲ್ಲ. ನೀರು ಬಿಟ್ಟ ಮರುದಿನ ಮತ್ತೆ 40ಕ್ಕೆ ಬಂತು. ಹಲಸಿನ ಮರದ ಹಿಂದಿನ ಒಸರು ಮಾತ್ರ ಆ ಮೂರೂ ದಿನ ಬದಲಾಗದೆ ತೊಟ್ಟಿಕ್ಕುತ್ತಿತ್ತು. ಬೇಸಿಗೆಯ ನಿಜವಾದ ಒರತೆ ಅದೊಂದೇ.

ಈ ಲೆಕ್ಕದ ಪುಸ್ತಕ ತೋರಿಸಿದ ಮೇಲೆ ರಸ್ತೆಯಡಿ ಒಡೆದಿದ್ದ ಕೊಳವೆ ಸರಿಯಾಯಿತು, ಈಗ ತೋಡು ಫೆಬ್ರವರಿಗೇ ಸೊರಗುತ್ತದೆ. ಅದರ ನೀರನ್ನೇ ಬಸಳೆ ಚಪ್ಪರಕ್ಕೆ ಹೊಯ್ಯುತ್ತಿದ್ದ ಪಕ್ಕದ ಮನೆಯ ಅಜ್ಜಿ ನನ್ನೊಡನೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.