ತಟ್ಟೆಗೆ ಬಿದ್ದಷ್ಟೇ ಗಾಳಿಯಲ್ಲ

ಕಣದಲ್ಲಿ ರಾಗಿ ತೂರುವುದನ್ನು ನೋಡಿದವರಿಗೆ ಈ ಲೇಖನದ ಅರ್ಧ ಪಾಠ ಗೊತ್ತಿರುತ್ತದೆ. ಕಾಳು ಕಾಲಬುಡದಲ್ಲೇ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ಕಾಲಬುಡದ ರಾಶಿಯನ್ನಷ್ಟೇ ನೋಡಿ ಹೊಟ್ಟೇ ಇರಲಿಲ್ಲ ಎನ್ನಲಾದೀತೇ? ತರಗತಿಯ ಗಾಳಿಯಲ್ಲಿ ಎಷ್ಟು ಬಗೆಯ ಸೂಕ್ಷ್ಮಜೀವಿಗಳಿವೆ ಎಂದು ಪ್ರಾಜೆಕ್ಟ್ ಮಾಡಲು ಹೊರಡುವ ವಿದ್ಯಾರ್ಥಿಗಳು ಎಡವುವುದು ಇಲ್ಲೇ.

ಹಂತ 1: ಪ್ರಶ್ನೆಯನ್ನು ಬರೆದಿಡಿ
ಮೇಜಿನ ಮೇಲೆ ಏನು ಬಂದು ಕೂರುತ್ತದೆ? ಉಸಿರಿನೊಂದಿಗೆ ಏನು ಒಳಗೆ ಹೋಗುತ್ತದೆ? ಗಾಳಿಯಲ್ಲಿ ಒಟ್ಟು ಎಷ್ಟು ಬಗೆಗಳಿವೆ? ಮೂರು ಪ್ರಶ್ನೆಗಳಿಗೂ ಸಲಕರಣೆ ಬೇರೆ ಬೇರೆ.

ಹಂತ 2: ತೆರೆದ ತಟ್ಟೆ
ಖರ್ಚಿಲ್ಲದ ದಾರಿ ಇದು. ಅಗರ್ (ಸೂಕ್ಷ್ಮಜೀವಿಗಳು ಬೆಳೆಯುವ ಲೋಳೆಯಂಥ ಆಹಾರ) ಹಾಕಿದ 90 ಮಿ.ಮೀ. ಅಗಲದ ಪೆಟ್ರಿ ತಟ್ಟೆಯನ್ನು, ಅಂದರೆ ಮುಚ್ಚಳವಿರುವ ಚಪ್ಪಟೆ ತಟ್ಟೆಯನ್ನು, ನೆಲದಿಂದ 1 ಮೀಟರ್ ಎತ್ತರದಲ್ಲಿ, ಗೋಡೆಯಿಂದ ಕನಿಷ್ಠ 1 ಮೀಟರ್ ದೂರದಲ್ಲಿ, 1 ಗಂಟೆ ಮುಚ್ಚಳ ತೆಗೆದಿಡಿ. ಮೊದಲ ಸಲ ನಾನು ತಟ್ಟೆಯನ್ನು ಫ್ಯಾನಿನ ಕೆಳಗೇ ಇಟ್ಟು, ಅದರ ರೆಕ್ಕೆಯ ಮೇಲಿನ ಧೂಳಿನ ಗಣತಿ ಮಾಡಿದ್ದೆ. ನೀವು ಹಾಗೆ ಮಾಡಬೇಡಿ.

ನಿಶ್ಚಲ ಗಾಳಿಯಲ್ಲಿ 10 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಗಾತ್ರದ ಕಣ ಎರಡು ಮೀಟರ್ ಇಳಿಯಲು ಸುಮಾರು 11 ನಿಮಿಷ ಸಾಕು. 1 ಮೈಕ್ರಾನಿನ ಕಣಕ್ಕೆ ಹದಿನಾರು ಗಂಟೆಯಾದರೂ ಬೇಕು. ಹಾಗಾಗಿ ಒಂದು ಗಂಟೆಯ ತಟ್ಟೆಯಲ್ಲಿ ಬೂಷ್ಟಿನ ದೊಡ್ಡ ಬೀಜಕಗಳದ್ದೂ (ಸ್ಪೋರ್), ಉದುರಿದ ಚರ್ಮದ ಚೂರುಗಳಿಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳದ್ದೂ ಕಾರುಬಾರು. ಒಂಟಿಯಾಗಿ ತೇಲುವ ಸಣ್ಣವು ತಲೆಯ ಮೇಲೇ ಸುಳಿದಾಡುತ್ತಿರುತ್ತವೆ. ಎಷ್ಟು ಗಾಳಿಯಿಂದ ಇವು ಬಿದ್ದವು ಎಂಬುದೂ ಗೊತ್ತಾಗುವುದಿಲ್ಲ. ಘನಮೀಟರಿಗೆ ಇಷ್ಟು ಎಂದು ಬರೆಯುವ ಆಸೆಯನ್ನು ಬಿಡಿ.

ಹಂತ 3: ಗಾಳಿಯನ್ನು ಹೀರುವ ಯಂತ್ರ
ಘನಮೀಟರಿನ ಲೆಕ್ಕ ಬೇಕಾದರೆ ಪಂಪು ಬೇಕು. 1958ರಲ್ಲಿ ಪ್ರಕಟವಾದ ಆಂಡರ್ಸನ್ ಉಪಕರಣ ಆರು ಜರಡಿಗಳನ್ನು ಒಂದರ ಮೇಲೊಂದು ಪೇರಿಸಿದಂತಿದೆ. ಒಂದೊಂದು ಜರಡಿಯ ಕೆಳಗೂ ಒಂದು ಅಗರ್ ತಟ್ಟೆ. ಒಂದೊಂದು ಜರಡಿಯಲ್ಲೂ 400 ರಂಧ್ರಗಳು; ಕೆಳಗಿಳಿದಂತೆ ಅವು ಕಿರಿದಾಗುತ್ತವೆ. ದೊಡ್ಡ ಕಣ ಮೇಲಿನ ತಟ್ಟೆಗೆ, ಸಣ್ಣದು ಕೆಳಗಿನದಕ್ಕೆ ಬಡಿಯುತ್ತದೆ. ನಿಮಿಷಕ್ಕೆ 28.3 ಲೀಟರ್ ಗಾಳಿ ಎಳೆಯುತ್ತದೆ; 10 ನಿಮಿಷ ನಡೆಸಿದರೆ 283 ಲೀಟರ್. ಕಾಲೊನಿಗಳ (ಅಗರ್ ಮೇಲೆ ಬೆಳೆದು ಕಣ್ಣಿಗೆ ಕಾಣುವ ಚುಕ್ಕೆಗಳ) ಸಂಖ್ಯೆಯನ್ನು 1000ದಿಂದ ಗುಣಿಸಿ 283ರಿಂದ ಭಾಗಿಸಿದರೆ ಘನಮೀಟರಿನ ಲೆಕ್ಕ. ಒಂದೇ ರಂಧ್ರದಿಂದ ಎರಡು ಜೀವಕೋಶ ಬಿದ್ದರೂ ಕಾಣುವುದು ಒಂದೇ ಕಾಲೊನಿ, ಆದ್ದರಿಂದ ತಿದ್ದುಪಡಿ ಕೋಷ್ಟಕವನ್ನು ಮರೆಯಬೇಡಿ. ಹೆಚ್ಚು ಹೊತ್ತು ನಡೆಸಿದರೆ ಅಗರ್ ಒಣಗಿ, ಬಿದ್ದದ್ದೂ ಬೆಳೆಯುವುದಿಲ್ಲ.

ಹಂತ 4: ಫಿಲ್ಟರ್ ಮತ್ತು ಡಿಎನ್‌ಎ
ಅಗರ್ ಮೇಲೆ ಬೆಳೆಯದ ಜೀವಿಗಳೇ ಬಹಳ. ಅವು ಬೇಕಾದರೆ ಗಂಟೆಗಟ್ಟಲೆ ಗಾಳಿಯನ್ನು ಫಿಲ್ಟರಿನಲ್ಲಿ ಸೋಸಿ ಡಿಎನ್‌ಎ ಓದಿಸಬೇಕು. ಸೂಕ್ಷ್ಮ ಪ್ರಕೃತಿಯ ಬ್ಯಾಕ್ಟೀರಿಯಾ ಫಿಲ್ಟರಿನ ಮೇಲೆ ಒಣಗಿ ಸಾಯುತ್ತವೆ. ಡಿಎನ್‌ಎ ಓದಲು ಅದು ದೊಡ್ಡ ಅಡ್ಡಿಯಲ್ಲ. ತಕರಾರು ಬೇರೆ: ಸತ್ತವೂ ಎಣಿಕೆಗೆ ಸೇರುತ್ತವೆ, ಗಟ್ಟಿ ಗೋಡೆಯ ಬೀಜಕಗಳು ಒಡೆಯದೆ ಹೊರಗುಳಿಯುತ್ತವೆ.

ಗಾಳಿಯಲ್ಲಿ ಸಿಗುವ ಡಿಎನ್‌ಎ ಅತ್ಯಲ್ಪ. ಡಿಎನ್‌ಎ ಬೇರ್ಪಡಿಸಲು ಬಳಸುವ ರಾಸಾಯನಿಕ ಕಿಟ್ಟಿನಲ್ಲೇ ಅಡಗಿದ ಡಿಎನ್‌ಎ ಅದನ್ನು ಮೀರಿಸಬಹುದು. ಪಂಪು ಚಾಲೂ ಮಾಡದ ಒಂದು ಫಿಲ್ಟರನ್ನು ಅದೇ ಕೋಣೆಗೆ ಒಯ್ದು, ಅದೇ ರೀತಿ ಸಂಸ್ಕರಿಸಿ; ಅದರಲ್ಲಿ ಸಿಕ್ಕಿದ್ದು ಪಂಪು ಎಳೆದ ಗಾಳಿಯದ್ದಲ್ಲ. ಇದಿಲ್ಲದ ವರದಿಯನ್ನು ನಾನಂತೂ ನಂಬುವುದಿಲ್ಲ.

ಹಂತ 5: ಹೋಲಿಸುವಾಗ ವಿಧಾನ ಬದಲಿಸಬೇಡಿ
1860ರಲ್ಲಿ ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ ಅಲ್ಲಿನ ಜುರಾ ಬೆಟ್ಟಗಳ ತಪ್ಪಲು, ಬೆಟ್ಟದ ನೆತ್ತಿ, ಆಲ್ಪ್ಸ್‌ನ ಹಿಮನದಿ ಹೀಗೆ ಮೂರು ಕಡೆ ಪೋಷಕ ದ್ರಾವಣ ತುಂಬಿದ ತಲಾ 20 ಗಾಜಿನ ಬುರುಡೆಗಳನ್ನು (ಫ್ಲಾಸ್ಕ್) ತೆರೆದು ಮುಚ್ಚಿದರು. ಕ್ರಮವಾಗಿ 8, 5 ಮತ್ತು 1 ಬುರುಡೆಯಲ್ಲಿ ಜೀವಿಗಳು ಬೆಳೆದವು. ಆ ದ್ರಾವಣದಲ್ಲಿ ಬೆಳೆಯದವು ಅವರಿಗೂ ಕಾಣಲಿಲ್ಲ. ಆದರೆ ಮೂರು ಕಡೆಯೂ ಬುರುಡೆ, ದ್ರಾವಣ ಒಂದೇ ಬಗೆಯವಾಗಿದ್ದುದರಿಂದ ಹೋಲಿಕೆ ನಿಂತಿತು. ಸಾಧ್ಯವಾದರೆ ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿನಲ್ಲಿ ತಟ್ಟೆಯನ್ನೂ ಪಂಪನ್ನೂ ಇಟ್ಟು ನೋಡಿ. ಎರಡು ಪಟ್ಟಿಗಳು ಹೊಂದದಿದ್ದರೆ ಗಾಬರಿ ಬೇಡ, ಎರಡನ್ನೂ ವರದಿಯಲ್ಲಿ ಕೊಡಿ.

ಹಂತ 6: ಬೆಳೆದ ಮೇಲೆ
ತಟ್ಟೆಯ ಅಂಚಿಗೆ ಟೇಪ್ ಸುತ್ತಿ, ಮುಚ್ಚಳದ ಮೇಲಿಂದಲೇ ಎಣಿಸಿ. ತೆಗೆದು ಮೂಸಿ ನೋಡುವವರು ಪ್ರತಿ ಬ್ಯಾಚಿನಲ್ಲೂ ಒಬ್ಬರಿರುತ್ತಾರೆ. ಅವರ ಕೈಗೆ ತಟ್ಟೆ ಕೊಡಬೇಡಿ. ಎಣಿಕೆ ಮುಗಿದ ತಟ್ಟೆಗಳನ್ನು ಆಟೋಕ್ಲೇವಿನಲ್ಲಿ (ಹಬೆಯ ಒತ್ತಡದಿಂದ ಜೀವಿಗಳನ್ನು ಕೊಲ್ಲುವ ಯಂತ್ರ) 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿದ ನಂತರವೇ ಕಸಕ್ಕೆ ಹಾಕಿ.